ಶಿಸ್ತಿನ ವಸತಿ ಶಾಲೆ ‘ಕಲ್ಟ್’ ಆಗುವುದು ಯಾವಾಗ?

ತುಂಗಾತೀರ (ಪ್ರಶ್ನೆ):

ಅಮೆರಿಕದ ಮೇಯ್ನ್ ರಾಜ್ಯದಲ್ಲಿ 1970ರಿಂದ 2011ರವರೆಗೆ ನಡೆದ ಎಲಾನ್ ಅನ್ನುವ ವಸತಿ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇವತ್ತಿಗೂ ಎರಡು ಬಣ. ಆ ಶಾಲೆ ನಮ್ಮ ಜೀವ ಉಳಿಸಿತು ಅನ್ನುತ್ತಾರೆ ಕೆಲವರು. ಅದು ಶಾಲೆಯೇ ಅಲ್ಲ, ಕಲ್ಟ್ (ಒಳಗಿನವರ ಮನಸ್ಸನ್ನೇ ಹಿಡಿತಕ್ಕೆ ತೆಗೆದುಕೊಳ್ಳುವ ಗುಂಪು) ಅನ್ನುತ್ತಾರೆ ಉಳಿದವರು. ಯಾರ ಮಾತು ಸರಿ? ನಮ್ಮಲ್ಲೂ ಬೆಳಗಿನ ಜಾವ ಐದಕ್ಕೆ ಎಬ್ಬಿಸಿ, ಫೋನ್ ಕಿತ್ತಿಟ್ಟುಕೊಂಡು, ರಾತ್ರಿ ಹತ್ತರವರೆಗೆ ಸ್ಟಡಿ ಅವರ್ ನಡೆಸುವ ಪಿಯು ಹಾಸ್ಟೆಲ್‌ಗಳಿವೆ. ಅವೂ ಇದೇ ಸಾಲಿಗೆ ಬರುತ್ತವೆಯೇ?

ಹಳೇಬೇರು:

ವೇಳಾಪಟ್ಟಿ ನೋಡಿ ತೀರ್ಮಾನ ಮಾಡಬೇಡಿ. ಐದಕ್ಕೆ ಏಳಿಸಿದರೆ ನಿದ್ದೆ ಕೆಡಬಹುದು, ಅಷ್ಟಕ್ಕೇ ಅದು ಕಲ್ಟ್ ಆಗುವುದಿಲ್ಲ. ಎಲಾನ್ ಒಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು ನೋಡಿ.

ಅದರ ಬೇರು ಇರುವುದು ಸಿನಾನನ್‌ನಲ್ಲಿ, ಅಂದರೆ 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವ್ಯಸನಮುಕ್ತಿ ಸಂಘದಲ್ಲಿ. ಅಲ್ಲಿ ‘ಆಟ’ ಅಂತ ಒಂದು ಪದ್ಧತಿ. ವೃತ್ತವಾಗಿ ಕೂತು, ಒಬ್ಬರನ್ನು ಹಿಡಿದು, ಅವರು ಕುಸಿಯುವವರೆಗೂ ಬೈಯುವುದು. ಆ ಮಾದರಿಯಲ್ಲೇ ಹುಟ್ಟಿದ್ದು ನ್ಯೂಯಾರ್ಕಿನ ಡೇಟಾಪ್. ಅಲ್ಲಿ ಚಿಕಿತ್ಸೆ ಪಡೆದ ಜೋ ರಿಚಿ, ಮನೋವೈದ್ಯ ಜೆರಾಲ್ಡ್ ಡೇವಿಡ್‌ಸನ್ ಜೊತೆ ಸೇರಿ ಎಲಾನ್ ಕಟ್ಟಿದ. ಎಡವಟ್ಟಾದದ್ದು ಇಲ್ಲೇ. ಮೊದಮೊದಲು ಸಿನಾನನ್‌ಗೆ ಬಂದವರು ತಾವಾಗಿ ಬಂದ ದೊಡ್ಡವರು, ಬೇಡ ಅನ್ನಿಸಿದರೆ ಎದ್ದು ಹೋಗಬಹುದಿತ್ತು. ಎಲಾನ್‌ಗೆ ಬಂದದ್ದು ಹೆತ್ತವರೋ ಕೋರ್ಟೋ ಕಳಿಸಿದ ಹದಿಹರೆಯದ ಮಕ್ಕಳು. ಪದ್ಧತಿ ಅದೇ ಉಳಿಯಿತು, ಹೊರಗೆ ಹೋಗುವ ಬಾಗಿಲು ಮಾತ್ರ ಮುಚ್ಚಿತು.

ಅಲ್ಲಿನ ‘ಜನರಲ್ ಮೀಟಿಂಗ್’ ಅಂದರೆ, ತಪ್ಪು ಮಾಡಿದ ಹುಡುಗನನ್ನು ಮುಂದೆ ನಿಲ್ಲಿಸುತ್ತಾರೆ. ಉಳಿದ ಮಕ್ಕಳು ಸರದಿಯಂತೆ ಓಡಿಬಂದು, ಅವನ ಮುಖದ ಹತ್ತಿರಕ್ಕೇ ಬಾಯಿ ತಂದು ಕಿರುಚುತ್ತಾರೆ. ‘ರಿಂಗ್’ ಅಂದರೆ, ಮಕ್ಕಳೇ ವೃತ್ತವಾಗಿ ನಿಂತು ಕಟ್ಟಿದ ಬಾಕ್ಸಿಂಗ್ ಕಣ. ಒಬ್ಬ ದಣಿದರೆ ಎದುರಿಗೆ ಇನ್ನೊಬ್ಬ ಬರುತ್ತಾನೆ. ತಪ್ಪು ಮಾಡಿದವನೇ ಕೊನೆಗೆ ಸೋಲಬೇಕು, ಅಲ್ಲಿಯವರೆಗೆ ಹೊಡೆದಾಟ ನಿಲ್ಲುವುದಿಲ್ಲ. ಮೇಲ್ವಿಚಾರಣೆಯೂ ಬಡ್ತಿ ಪಡೆದ ಮಕ್ಕಳದ್ದೇ. ಇನ್ನೊಬ್ಬನ ತಪ್ಪು ಮೇಲಕ್ಕೆ ಮುಟ್ಟಿಸದಿದ್ದರೆ ನೀವೂ ತಪ್ಪಿತಸ್ಥರು. ಪ್ರತಿ ಮಗುವೂ ಒಂದು ದಿನ ಬೈಸಿಕೊಂಡವನು, ಮರುದಿನ ಬೈದವನು. ಇದು ತಪ್ಪಾಗಿತ್ತು ಅಂತ ಒಪ್ಪಿದರೆ, ತಾನು ಮಾಡಿದ್ದನ್ನೂ ಒಪ್ಪಬೇಕಾಗುತ್ತದೆ. ‘ಒಳ್ಳೆಯದೇ ಆಯ್ತು’ ಅನ್ನುವ ಬಣ ಇಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಅವರನ್ನು ಸುಳ್ಳುಗಾರರು ಅಂತ ಕರೆಯಲು ನನಗೆ ಮನಸ್ಸಿಲ್ಲ.

1961ರಲ್ಲಿ ಮನೋವೈದ್ಯ ರಾಬರ್ಟ್ ಲಿಫ್ಟನ್ ಮನಸ್ಸು ತಿದ್ದುವ ವ್ಯವಸ್ಥೆಗಳಿಗೆ ಎಂಟು ಗುರುತು ಕೊಟ್ಟರು. ಹೊರಗಿನ ಸುದ್ದಿಗೆ ತಡೆ, ಬಲವಂತದ ತಪ್ಪೊಪ್ಪಿಗೆ, ಒಳಗಿನವರಿಗಷ್ಟೇ ಗೊತ್ತಿರುವ ಪರಿಭಾಷೆ ಇವು ಅದರಲ್ಲಿ ಮೂರು. ಮೂರೂ ಎಲಾನ್‌ನಲ್ಲಿದ್ದವು.

ತಕ್ಕಡಿ:

ಹಳೇಬೇರು ಅವರೇ, ವಿವರ ಸರಿ. ಆದರೆ ‘ಕಲ್ಟ್’ ಅನ್ನುವ ಪದ ಹಿಡಿದು ಜಗ್ಗಾಡಿದರೆ ಚರ್ಚೆ ಅಲ್ಲೇ ಸುತ್ತುತ್ತದೆ. ಕನ್ನಡದಲ್ಲಂತೂ ಅದಕ್ಕೆ ಸರಿಯಾದ ಪದವೇ ಇಲ್ಲ, ಪಂಥ ಅನ್ನೋಣ ಅಂದರೆ ನಾಥಪಂಥ ನಮಗೆ ಗೌರವದ ಮಾತು.

ಪದ ಬಿಟ್ಟು, ಇಂಥದ್ದೇ ಶಾಲೆಯನ್ನು ಕೋರ್ಟು ಹೇಗೆ ತೂಗಿತು ನೋಡಿ. ಕೆನಡಾದ ಒಂಟಾರಿಯೋದಲ್ಲಿದ್ದ ಗ್ರೆನ್‌ವಿಲ್ ಕ್ರಿಶ್ಚಿಯನ್ ಕಾಲೇಜ್ 2007ರಲ್ಲಿ ಮುಚ್ಚಿತು. ಅಮೆರಿಕದ ‘ಕಮ್ಯುನಿಟಿ ಆಫ್ ಜೀಸಸ್’ ಅನ್ನುವ ಕ್ರೈಸ್ತ ಸಮುದಾಯದ ಜೊತೆ ನಂಟಿದ್ದ ವಸತಿ ಶಾಲೆ ಅದು. ‘ಲೈಟ್ ಸೆಷನ್’ ಹೆಸರಲ್ಲಿ ಮಕ್ಕಳನ್ನು ನಿಲ್ಲಿಸಿ ಪಾಪಿಗಳು ಅಂತ ಹೀಯಾಳಿಸುವುದು ಅಲ್ಲಿ ನಡೆಯುತ್ತಿತ್ತು. 1973ರಿಂದ 1997ರ ನಡುವೆ ಅಲ್ಲಿ ಓದಿದವರ ಪರವಾಗಿ ಕೆಲವು ಹಳೆಯ ವಿದ್ಯಾರ್ಥಿಗಳು ದಾವೆ ಹೂಡಿದರು. ಶಾಲೆಯ ಪರ ಸಾಕ್ಷಿ ಹೇಳಲು ಬೇರೆ ಹಳೆಯ ವಿದ್ಯಾರ್ಥಿಗಳೂ ಬಂದರು, ನಮಗೆ ಒಳ್ಳೆಯದೇ ಆಯಿತು ಅಂದರು. ಆದರೂ 2020ರಲ್ಲಿ ತೀರ್ಪು ಶಾಲೆಯ ವಿರುದ್ಧ ಬಂತು, ಮರುವರ್ಷ ಮೇಲ್ಮನವಿಯಲ್ಲೂ ನಿಂತಿತು. ಕೋರ್ಟು ತೂಗಿದ್ದು ಶಾಲೆ ನಡೆದುಕೊಂಡ ರೀತಿಯನ್ನು: ಆ ಕಾಲದ ಮಾನದಂಡಕ್ಕೇ ಅದು ಒಗ್ಗುತ್ತಿತ್ತೇ, ಮಕ್ಕಳ ಹೊಣೆ ಹೊತ್ತವರು ಹೊಣೆ ನಿಭಾಯಿಸಿದರೇ ಅಂತ. ನೂರು ಜನ ಚೆನ್ನಾಗಿ ಬದುಕಿದರು ಅನ್ನುವುದು ಈ ಪ್ರಶ್ನೆಗೆ ಉತ್ತರವಲ್ಲ.

ನಮ್ಮಲ್ಲಿ ‘ದಂಡಂ ದಶಗುಣಂ’ ಅನ್ನುವವರಿಗೂ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆ, 2009ರ ಸೆಕ್ಷನ್ 17 ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದು ಆರರಿಂದ ಹದಿನಾಲ್ಕು ವರ್ಷದವರಿಗೆ. ಪಿಯು ಮಕ್ಕಳ ವಿಷಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 75 ನೋಡಿ. ಹದಿನೆಂಟು ತುಂಬದವರ ಹೊಣೆ ಹೊತ್ತವರು ಕ್ರೌರ್ಯ ಎಸಗಿದರೆ ಅದು ಅನ್ವಯಿಸುತ್ತದೆ.

ವಾರ್ಡನ್ ಮೇಜು:

ಹಾಸ್ಟೆಲ್ ನೋಡಲು ಹೋದಾಗ ಮೆಸ್ಸಿನ ಊಟ, ಬಾತ್‌ರೂಮ್ ನೋಡುತ್ತೀರಿ. ಫೋನ್ ಎಲ್ಲಿಟ್ಟಿದ್ದಾರೆ ಅಂತಲೂ ನೋಡಿ. ವಾರ್ಡನ್ ಮೇಜಿನ ಮೇಲಿದ್ದು, ಸ್ಪೀಕರ್ ಹಾಕಿಯೇ ಮಾತಾಡಿಸುತ್ತಾರೆ ಅಂದರೆ ಮಗು ‘ಚೆನ್ನಾಗಿದ್ದೀನಮ್ಮ’ ಬಿಟ್ಟು ಬೇರೇನೂ ಹೇಳುವುದಿಲ್ಲ. ಸೇರಿಸುವ ಮೊದಲೇ ಮನೆಯಲ್ಲಿ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ‘ಉಪ್ಪಿನಕಾಯಿ ಮುಗಿದಿದೆ’ ಅಂದರೆ ಈ ವಾರವೇ ಬನ್ನಿ ಅಂತ ಅರ್ಥ. ಮಗು ಹಾಗಂದಾಗ ಕಾರಣ ಕೇಳುತ್ತಾ ಕೂರದೆ ಹೊರಡಿ.

ಆಫೀಸಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ತಿಳಿಸದೆ ಬಂದರೆ ಮಗುವನ್ನು ಒಬ್ಬಂಟಿಯಾಗಿ ಮಾತಾಡಿಸಲು ಬಿಡುತ್ತೀರಾ? ಶಿಕ್ಷೆ ಕೊಡುವುದು ಯಾರು, ಸೀನಿಯರ್‌ಗಳೇ? ಎಷ್ಟು ದಿನಕ್ಕೆ ಮುಗಿಯುತ್ತದೆ ಅಂತ ಬರೆದಿಡುತ್ತೀರಾ? ಜ್ವರ ಬಂದರೆ ಡಾಕ್ಟರ ಹತ್ತಿರ ಕಳಿಸಬೇಕೋ ಬೇಡವೋ ಅಂತ ತೀರ್ಮಾನಿಸುವವರು ಯಾರು? ಮಧ್ಯದಲ್ಲಿ ಬಿಟ್ಟುಹೋದ ಮಕ್ಕಳ ಬಗ್ಗೆ ಅವರು ಹೇಗೆ ಮಾತಾಡುತ್ತಾರೆ ಅನ್ನುವುದನ್ನೂ ಗಮನಿಸಿ. ಎಲ್ಲರೂ ‘ಕೆಟ್ಟುಹೋದವರು’ ಅಂದರೆ ನಾನಾದರೆ ಅಲ್ಲಿ ಸೇರಿಸುವುದಿಲ್ಲ.

ತುಂಗಾತೀರ:

ದೂರು ಪೆಟ್ಟಿಗೆ ಇದ್ದರೆ ಸಾಕಾಗುವುದಿಲ್ಲವೇ?

ವಾರ್ಡನ್ ಮೇಜು:

ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ. ವಾರ್ಡನ್ ಹತ್ತಿರ ಇದ್ದರೆ ಅದರಲ್ಲಿ ಮೆಸ್ಸಿನ ಸಾರಿನ ದೂರು ಮಾತ್ರ ಬೀಳುತ್ತದೆ. ಸಿಸಿಟಿವಿ ಕೆಳಗೆ ತೂಗುಹಾಕಿದ್ದರೆ ಅದೂ ಬೀಳುವುದಿಲ್ಲ. ಪೆಟ್ಟಿಗೆಯನ್ನು ಕ್ಯಾಮೆರಾ ಕಾಣದ ಕಡೆ ಇಡಬೇಕು, ಬೀಗ ತೆಗೆಯುವಾಗ ಒಬ್ಬ ಪೋಷಕರಾದರೂ ಎದುರಿಗಿರಬೇಕು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆ ಮೇಲೆ ಬರೆಸಿದರಷ್ಟೇ ಆಗದು, ಮಗು ಯಾರನ್ನೂ ಕೇಳದೆ ಆ ಸಂಖ್ಯೆಗೆ ಮಾಡಬಲ್ಲ ಫೋನ್ ಕೂಡ ಇರಬೇಕು.