ಚಳಿಯ ಬೆಳಗಿಗೆ ಹಠ ಹಿಡಿಯುವ ಕಾರು: ಪುಣೆಯವರ ಅನುಭವಗಳು

ಪ್ರಶ್ನೆ, ಪುಣೆಯ ಪಾಷಾಣ ಬಡಾವಣೆಯಿಂದ

ನಮ್ಮದು ಏಳು ವರ್ಷದ ಪೆಟ್ರೋಲ್ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್. ಡಿಸೆಂಬರ್ ಬಂದಾಗಿನಿಂದ ಬೆಳಗಿನ ಹೊತ್ತು ಎರಡನೆಯ ಗೇರು ಸುಲಭವಾಗಿ ಬೀಳುವುದಿಲ್ಲ, ಒತ್ತಿ ತಳ್ಳಬೇಕು. ಹೊರಡುವಾಗ ಹಿಂದಿನಿಂದ 'ಟಕ್' ಎನ್ನುತ್ತದೆ. ಮೊದಲ ಬ್ರೇಕಿಗೆ ಕರಕರ ಸದ್ದು. ಗ್ಯಾರೇಜಿನವರು ಕ್ಲಚ್ ಸೆಟ್, ಬ್ರೇಕ್ ಡಿಸ್ಕ್, ಅದನ್ನು ಒತ್ತುವ ಪ್ಯಾಡ್, ಡ್ರಮ್ಮಿನೊಳಗೆ ಉಜ್ಜುವ ಲೈನರ್ ಎಲ್ಲವನ್ನೂ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಸಂಕ್ರಾಂತಿಗೆ ಮನೆಮಂದಿಯೆಲ್ಲ ಧಾರವಾಡಕ್ಕೆ ಹೋಗುವುದಿದೆ. ತಿಳಿದವರು ಹೇಳಿ.

ಉತ್ತರ, ಕೋಥರೂಡದಿಂದ

ಗ್ಯಾರೇಜಿನವರು ನಿಮ್ಮ ಕಾರನ್ನು ನೋಡಿದ್ದು ಎಷ್ಟು ಗಂಟೆಗೆ? ಹನ್ನೊಂದರ ಬಿಸಿಲಿನಲ್ಲಿ ಒಯ್ದಿದ್ದರೆ ಅವರು ನೋಡಿದ್ದು ಬೇರೆಯೇ ಕಾರು ಎಂದುಕೊಳ್ಳಿ. ನಿಮ್ಮ ಕಡೆ ನಸುಕಿನಲ್ಲಿ ಹತ್ತು ಡಿಗ್ರಿಯ ಆಸುಪಾಸು ಇರುತ್ತದೆ, ಮಧ್ಯಾಹ್ನ ಮೂವತ್ತರ ಹತ್ತಿರ. ಬೆಳಗಿನ ದೋಷವನ್ನು ಬೆಳಿಗ್ಗೆಯೇ ತೋರಿಸಬೇಕು. ಹಿಂದಿನ ಸಂಜೆಯೇ ಕಾರನ್ನು ಅಲ್ಲಿ ಬಿಟ್ಟು ಬನ್ನಿ. ಅವರು ಶಟರ್ ಎತ್ತುವಾಗ ನೀವೂ ಇರಿ, ಮೊದಲ ಸ್ಟಾರ್ಟ್ ನಿಮ್ಮೆದುರಿಗೇ ಆಗಲಿ. ಇದಕ್ಕೆ ಒಪ್ಪದ ಮೆಕ್ಯಾನಿಕ್ ಕೊಡುವ ಪಟ್ಟಿಯನ್ನು ನಾನಂತೂ ನಂಬುವುದಿಲ್ಲ.

ಇನ್ನು ಗೇರಿನ ವಿಷಯ. ತಂಪಿಗೆ ಗೇರ್ ಬಾಕ್ಸಿನ ಎಣ್ಣೆ ಮಂದವಾಗುತ್ತದೆ. ಗೇರು ಕೂರುವ ಮೊದಲು ಸಿಂಕ್ರೊನೈಸರ್ ಉಂಗುರ ಉಜ್ಜಿ ಉಜ್ಜಿ ಎರಡು ಭಾಗಗಳ ವೇಗವನ್ನು ಸಮ ಮಾಡಬೇಕು. ನಡುವೆ ಮಂದ ಎಣ್ಣೆ ನಿಂತಿದ್ದರೆ ಆ ಉಜ್ಜುವಿಕೆ ತಡವಾಗುತ್ತದೆ, ನಿಮ್ಮ ಕೈಗೆ ಅದು ಹಠದಂತೆ ತೋರುತ್ತದೆ. ಎಂಜಿನ್ನಿನ ಉಷ್ಣಾಂಶದ ಮುಳ್ಳು ಮೇಲೇರಿದ ಮೇಲೂ ಗೇರ್ ಬಾಕ್ಸ್ ತಣ್ಣಗೇ ಇರುತ್ತದೆ. ಆದ್ದರಿಂದ ಮನೆಯ ಮುಂದೆ ಎಂಜಿನ್ ಓಡಿಸುತ್ತ ಕಾಯುವುದರಿಂದ ಹೆಚ್ಚೇನೂ ಸಿಗುವುದಿಲ್ಲ, ನಿಧಾನವಾಗಿ ಓಡಿಸಿಯೇ ಅದು ಬಿಸಿಯಾಗಬೇಕು. ಕೆಲವು ಕಿಲೋಮೀಟರ್ ಆದ ಮೇಲೆ ಗೇರು ತಾನಾಗಿಯೇ ಜಾರಿ ಕೂರುತ್ತದೆಯೇ? ಹಾಗಿದ್ದರೆ ಮೊದಲು ಗೇರ್ ಎಣ್ಣೆ ಬದಲಾಯಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಹಾಕಿಸಿ. 75ಡಬ್ಲ್ಯೂ ಎಂದಿರುವಲ್ಲಿ ಕೈಗೆ ಸಿಕ್ಕ 80ಡಬ್ಲ್ಯೂ ಸುರಿಯುವವರಿದ್ದಾರೆ. ಡಬ್ಲ್ಯೂ ಪಕ್ಕದ ಆ ಅಂಕಿಯೇ ಚಳಿಯ ಲೆಕ್ಕ, ಅದು ಹೆಚ್ಚಿದಷ್ಟೂ ತಂಪಿನಲ್ಲಿ ಎಣ್ಣೆ ಮಂದ. ನಮ್ಮ ಕಾರಿನಲ್ಲಿ ಎಣ್ಣೆ ಬದಲಾದ ಮೇಲೆ ಹಠ ಅರ್ಧಕ್ಕಿಳಿಯಿತು. ಪೂರ್ತಿ ಹೋಗಲಿಲ್ಲ. ಹೋಗಲೇಬೇಕೆಂದೂ ಇಲ್ಲ.

ಕ್ಲಚ್ಚಿಗೆ ಎರಡು ಪರೀಕ್ಷೆಗಳಿವೆ, ದುಡ್ಡು ಬೇಡ. ಎಂಜಿನ್ ಆರಿಸಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ತಡೆದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂಬ ಅನುಮಾನಕ್ಕೆ ಜಾಗವಿದೆ. ಆಮೇಲೆ ನಿಂತ ಕಾರಿನಲ್ಲೇ ಎಂಜಿನ್ ಓಡಿಸಿ, ಕ್ಲಚ್ ಪೂರ್ತಿ ಒತ್ತಿ, ಹತ್ತು ಎಣಿಸಿ ರಿವರ್ಸ್ ಹಾಕಿ. ಅಷ್ಟು ಹೊತ್ತು ಕಾದ ಮೇಲೂ ಕರ್‍ರ್ ಎಂದರೆ ಅನುಮಾನ ಗಟ್ಟಿಯಾಯಿತು. ಆಗಲೂ ಕೇಬಲ್ ಅಥವಾ ಹೈಡ್ರಾಲಿಕ್ ಸಿಲಿಂಡರ್ ನೋಡಿಸದೆ ಸೆಟ್ ಬಿಚ್ಚಿಸಬೇಡಿ. ಸವೆದ ಕ್ಲಚ್ ಪ್ಲೇಟಿನ ಲಕ್ಷಣವೇ ಬೇರೆ: ನಾಲ್ಕನೆಯ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ನೀವು ಅಂಥದ್ದೇನೂ ಬರೆದಿಲ್ಲ.

ಉತ್ತರ, ಚಿಂಚವಡದಿಂದ

ಗೇರಿನ ಮಾತು ಆಯಿತು, ನಾನು ಬ್ರೇಕಿಗೆ ಬರುತ್ತೇನೆ. ನಿಮ್ಮ ಸೊಸೈಟಿಯಲ್ಲಿ ನಸುಕಿಗೇ ಬಂದು ಬಕೆಟ್ ನೀರು ಹೊಡೆದು ಕಾರು ತೊಳೆಯುವ ಪದ್ಧತಿ ಇದೆಯೇ? ನಮ್ಮಲ್ಲಿದೆ. ಇಬ್ಬನಿಗೆ ಆ ನೀರೂ ಸೇರಿದರೆ ಡಿಸ್ಕಿನ ಮೇಲೆ ಕಂದು ಬಣ್ಣದ ತೆಳು ತುಕ್ಕು ಹಿಡಿಯಲು ಕೆಲವೇ ಗಂಟೆ ಸಾಕು, ಏಕೆಂದರೆ ಅದು ಬೀಡುಕಬ್ಬಿಣ. ಕರಕರ ಸದ್ದು ಅದರದ್ದು. ನಾಲ್ಕೈದು ಬ್ರೇಕಿಗೆ ಪ್ಯಾಡ್ ಅದನ್ನು ಒರೆಸಿಬಿಡುತ್ತದೆ. ಒರೆಸಿದ ಮೇಲೂ ಸದ್ದು ಉಳಿದರೆ ಚಕ್ರ ಬಿಚ್ಚಿಸಿ ಪ್ಯಾಡಿನ ದಪ್ಪ ಅಳೆಸಿ. ಉಜ್ಜುವ ಪದರ ಮೂರು ಮಿಲಿಮೀಟರಿಗೆ ಇಳಿದಿದ್ದರೆ ಬದಲಾಯಿಸಿ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಅಳತೆಯ ಸಾಧನ ಹಿಡಿದು ಅಳೆಯದೆ 'ಡಿಸ್ಕ್ ಹೋಗಿದೆ' ಎನ್ನುವವರಿಗೆ ಆ ಅಂಕಿಯನ್ನು ತೋರಿಸಿ.

'ಟಕ್' ಎನ್ನುವುದು ಹ್ಯಾಂಡ್ ಬ್ರೇಕಿನ ಕೆಲಸ ಇರಬೇಕು. ರಾತ್ರಿಯಿಡೀ ಎಳೆದಿಟ್ಟರೆ ತೇವದಲ್ಲಿ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಹೊರಡುವಾಗ ಕಿತ್ತುಕೊಂಡು ಬರುತ್ತದೆ. ಖಚಿತಪಡಿಸಿಕೊಳ್ಳಲು ಒಂದು ರಾತ್ರಿ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೆ, ಮೊದಲ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಬಿಡಿ. ಇಳಿಜಾರಿನಲ್ಲಿ ಈ ಪ್ರಯೋಗ ಬೇಡವೇ ಬೇಡ. ಬೆಳಿಗ್ಗೆ ಸದ್ದು ಬರದಿದ್ದರೆ ಉತ್ತರ ಸಿಕ್ಕಿತು. ಸದ್ದು ಬಂದರೆ, ಅಥವಾ ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಕಾರು ಎಳೆದಂತಾದರೆ, ಹಿಂದಿನ ಚಕ್ರಗಳನ್ನು ಜಾಕ್ ಹಾಕಿಸಿ ಕೈಯಿಂದ ತಿರುಗಿಸಿ ನೋಡಿ. ಕೇಬಲ್ ಒಳಗೆ ತುಕ್ಕು ಹಿಡಿದಿದ್ದರೆ ಚಕ್ರ ಬಿಗಿಯಾಗಿರುತ್ತದೆ.

ಪ್ರಶ್ನೆ ಕೇಳಿದವರಿಂದ

ನೀರು ಹೊಡೆಯುವುದು ನಿಜ, ಬೆಳಗಿನ ಐದಕ್ಕೆ! ಬರೆಯಲು ಬಿಟ್ಟುಹೋದದ್ದು ಒಂದಿದೆ. ಕೆಲವು ದಿನ ಬ್ರೇಕ್ ಪೆಡಲ್ ಗಟ್ಟಿ ಎನಿಸುತ್ತದೆ. ನಿನ್ನೆ ಬಾಣೇರದವರೆಗೆ ಹೋಗಿ ಬಂದಾಗ ಮುಂದಿನ ಎಡಚಕ್ರ ಮಾತ್ರ ತುಂಬ ಬಿಸಿಯಾಗಿತ್ತು.

ಉತ್ತರ, ಚಿಂಚವಡದಿಂದ ಮತ್ತೆ

ಇದನ್ನೇ ಮೊದಲು ಹೇಳಬೇಕಿತ್ತು ಸರ್! ಉಳಿದದ್ದಕ್ಕೆಲ್ಲ ಕಾಯಬಹುದು, ಇದಕ್ಕೆ ಕಾಯಬಾರದು. ಒಂದೇ ಚಕ್ರ ಬಿಸಿಯಾದರೆ ಸಾಮಾನ್ಯವಾಗಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಅಥವಾ ಅದರ ಪಿಸ್ಟನ್ ಜಾಮ್ ಆಗಿ ಪ್ಯಾಡ್ ಹಿಂದೆ ಸರಿಯುತ್ತಿಲ್ಲ. ಇದು ಚಳಿಯ ದೋಷವೂ ಅಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು, ಕೆಸರು ಒಳಸೇರಿ ಮಾಡಿದ ಹಾನಿ ಡಿಸೆಂಬರಿನಲ್ಲಿ ಕಾಣಿಸಿಕೊಳ್ಳುತ್ತದೆ. ಪಿನ್ ಬಿಚ್ಚಿ, ಉಜ್ಜಿ, ಹರಿದ ರಬ್ಬರ್ ಬದಲಾಯಿಸಿ, ಸಿಲಿಕೋನ್ ಗ್ರೀಸ್ ಹಚ್ಚಿಸಿ. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಹಿಡಿದುಕೊಳ್ಳುತ್ತದೆ. ಪಿಸ್ಟನ್ನಿನದೇ ತೊಂದರೆಯಾದರೆ ಸೀಲ್ ಕಿಟ್ ಪುಣೆಯ 'ನಾನಾ ಪೇಠ್' ಎಂಬ ಪೇಟೆಯಲ್ಲಿ ಸಿಗುತ್ತದೆ. ಬಿಸಿ ನೋಡುವಾಗ ಚಕ್ರವನ್ನು ಮುಟ್ಟಬೇಡಿ, ಅಂಗೈಯನ್ನು ಹತ್ತಿರ ಹಿಡಿದರೆ ಸಾಕು.

ಪೆಡಲ್ ಗಟ್ಟಿಯಾಗುವುದಕ್ಕೆ, ಬ್ರೇಕ್ ಒತ್ತುವಾಗ ಕಾಲಿಗೆ ನೆರವಾಗುವ ವ್ಯಾಕ್ಯೂಮ್ ಬೂಸ್ಟರ್ ಪರೀಕ್ಷಿಸಿ. ಎಂಜಿನ್ ಆರಿಸಿ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಆಮೇಲೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಕಾಲಿನಡಿ ಪೆಡಲ್ ಸ್ವಲ್ಪ ಕೆಳಗೆ ಹೋಗಬೇಕು. ಹೋಗದಿದ್ದರೆ ಬೂಸ್ಟರ್, ಅದರ ಪೈಪು ಅಥವಾ ಏಕಮುಖ ಕವಾಟ ಸೋರುತ್ತಿದೆ. ಚಳಿಗೆ ಬಿರುಸಾಗಿ ಬಿರುಕುಬಿಟ್ಟ ಹಳೆಯ ರಬ್ಬರ್ ಪೈಪು ಇಲ್ಲಿ ಸಾಮಾನ್ಯ ಅಪರಾಧಿ. ಪೈಪಿನ ಬೆಲೆ ಬೂಸ್ಟರಿನ ಮುಂದೆ ಏನೂ ಅಲ್ಲ.

ಉತ್ತರ, ಧಾಯರಿಯಿಂದ

ಬ್ರೇಕ್ ದ್ರವವನ್ನು ಯಾರೂ ನೆನೆಯಲಿಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಗೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಎಂದಿದ್ದರೆ, ನೀರು ಸೇರಿದ ಮೇಲೆ 155. ಡಾಟ್ 3 ಆದರೆ 205 ಮತ್ತು 140. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಿಮ್ಮ ಕಾರಿಗೆ ಏಳು ವರ್ಷ, ಎಷ್ಟು ಸಲ ಬದಲಾಯಿಸಿದ್ದೀರಿ ಎಂದು ಬಿಲ್ಲುಗಳನ್ನು ತೆಗೆದು ನೋಡಿ.

ಪೇಟೆಯ ಓಡಾಟದಲ್ಲಿ ಇದರ ಕೊರತೆ ಗೊತ್ತಾಗುವುದಿಲ್ಲ, ಘಟ್ಟದ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಹೋಗುವಾಗ ನಿಮಗೆ ಖಂಬಾಟಕಿ ಘಟ್ಟ ಇದೆ. ಬರುವಾಗ ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆಯವರೆಗೆ ಉದ್ದಕ್ಕೂ ಇಳಿಜಾರು. 2022ರ ನವೆಂಬರಿನಲ್ಲಿ ಒಂದು ಭಾರಿ ವಾಹನ ಹತ್ತಾರು ಕಾರುಗಳನ್ನು ಗುದ್ದಿದ್ದು ಅಲ್ಲೇ. ನಾನು ಆ ರಸ್ತೆಯ ಬಳಿಯೇ ಇರುವವನು, ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ಲಾರಿಗಳ ವಿಷಯ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನೀವು ಮೂರನೆಯ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಹಿಡಿದುಕೊಳ್ಳಲಿ. ಕನ್ನಡಿಯಲ್ಲಿ ಲಾರಿ ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡಿ.

ಉತ್ತರ, ಹಡಪಸರದಿಂದ

ಚಿಕ್ಕದೊಂದು ಸೇರಿಸುತ್ತೇನೆ. ಆರು ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಆದ್ದರಿಂದ ಒತ್ತಡವನ್ನು ತಣ್ಣಗಿರುವಾಗಲೇ ನೋಡಿ. ಎರಡು ಬದಿಯ ಗಾಳಿ ಬೇರೆಬೇರೆಯಾಗಿದ್ದರೂ ಕಾರು ಒಂದು ಕಡೆಗೆ ಎಳೆಯುತ್ತದೆ, ಅದನ್ನೂ ಬ್ರೇಕಿನ ಲೆಕ್ಕಕ್ಕೆ ಬರೆಯುವವರಿದ್ದಾರೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಟಕಟಕ ಬಂದರೆ ಆ್ಯಕ್ಸಲ್ಲಿನ ಹೊರಗಿನ ಜಾಯಿಂಟ್ ನೋಡಿಸಿ. ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಬದಿಗೆ ಎರಚಿರುತ್ತದೆ.

ಕ್ಯಾಲಿಪರಿನ ಕೆಲಸವನ್ನು ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ವಾರ ಮೊದಲೇ ಮಾಡಿಸಿ, ಒಂದು ನಸುಕಿಗೆ ಖೇಡ ಶಿವಾಪುರದವರೆಗೆ ಹೋಗಿ ಬನ್ನಿ, ಇಳಿದು ನಾಲ್ಕೂ ಚಕ್ರಗಳ ಬಿಸಿ ನೋಡಿ. ಮುಂದಿನ ಎಡಚಕ್ರ ಮುಂದಿನ ಬಲಚಕ್ರದ ಸಮಕ್ಕೆ ಬಂದಿರದಿದ್ದರೆ ಕಾರನ್ನು ಮತ್ತೆ ಗ್ಯಾರೇಜಿಗೇ ಒಯ್ಯಿರಿ, ಧಾರವಾಡಕ್ಕೆ ಬಸ್ಸಿದೆ.