ಅರಳಿ ಮರದ ಬೋರ್ಡಿನಲ್ಲಿ ‘ರಿಲಿಜಿಯೋಸಸ್’: ಎಲ್ಲಿ ಎಡವಿದೆ?

ತೋಟದಹುಳು:
ನಮ್ಮ ಬಡಾವಣೆಯ ಪಾರ್ಕಿನ ಮರಗಳಿಗೆ ವೈಜ್ಞಾನಿಕ (ಲ್ಯಾಟಿನ್) ಹೆಸರಿನ ಬೋರ್ಡು ಬರೆಸುತ್ತಿದ್ದೇನೆ. ಹಲಸು ‘ಆರ್ಟೊಕಾರ್ಪಸ್ ಹೆಟೆರೊಫಿಲಸ್’. ಎರಡೂ ಕಡೆ ‘ಅಸ್’. ಹಾಗಾದರೆ ಅರಳಿಯ ‘ಫೈಕಸ್ ರಿಲಿಜಿಯೋಸಾ’ ಅಚ್ಚಿನ ತಪ್ಪೇ ಇರಬೇಕು ಅಂದುಕೊಂಡು ‘ರಿಲಿಜಿಯೋಸಸ್’ ಅಂತ ತಿದ್ದಿಬಿಟ್ಟೆ. ಬೋರ್ಡು ನೋಡಿದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ನಕ್ಕು ಹೊರಟರು, ಕಾರಣ ಹೇಳಲಿಲ್ಲ. ಇನ್ನೂ 14 ಬೋರ್ಡು ಬಾಕಿ ಇದೆ.

ಎಲೆಗಳ್ಳ:
ಸಾರ್, ಪ್ರಾಸ ನೋಡಬೇಡಿ, ಲಿಂಗ ನೋಡಿ. ಮೊದಲ ಪದದ ಲಿಂಗಕ್ಕೆ ತಕ್ಕಂತೆ ಎರಡನೆಯ ಪದದ ಬಾಲ ಬದಲಾಗುತ್ತದೆ. ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ, ಎಲ್ಲಕ್ಕೂ ಒಂದೇ ‘ಒಳ್ಳೆಯ’. ಅದಕ್ಕೇ ನಮಗೆ ಇದು ಹೊಳೆಯುವುದಿಲ್ಲ. ಸಂಸ್ಕೃತದ ಶ್ವೇತಃ, ಶ್ವೇತಾ, ಶ್ವೇತಂ ನೆನಪಿಸಿಕೊಳ್ಳಿ. ಲ್ಯಾಟಿನ್‌ನಲ್ಲಿ ಅದೇ ಆಲ್ಬಸ್, ಆಲ್ಬಾ, ಆಲ್ಬಂ. ಸಾಂಟಲಂ ನಪುಂಸಕ, ಹಾಗಾಗಿ ಶ್ರೀಗಂಧ ‘ಸಾಂಟಲಂ ಆಲ್ಬಂ’.

ಲವಂಗವನ್ನು, ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1753ರಲ್ಲಿ ‘ಕ್ಯಾರಿಯೊಫಿಲಸ್ ಅರೊಮ್ಯಾಟಿಕಸ್’ ಎಂದು ಕರೆದ. ಆಮೇಲೆ ಅದು ಸೈಜೀಜಿಯಂ ಮನೆಗೆ, ಅಂದರೆ ಆ ಹೆಸರಿನ ಕುಲಕ್ಕೆ (ಜೀನಸ್), ಹೋಯಿತು. ಮನೆ ಬದಲಾಯಿತು, ಬಾಲವೂ ಬದಲಾಗಿ ‘ಸೈಜೀಜಿಯಂ ಅರೊಮ್ಯಾಟಿಕಂ’ ಆಯಿತು.

ಈಗ ಅರಳಿ. ಲ್ಯಾಟಿನ್‌ನಲ್ಲಿ ಬಹಳಷ್ಟು ಮರಗಳು ಹೆಂಗಸರು! ಫೈಕಸ್, ಪೈನಸ್ (ಪೈನ್), ಕ್ವೆರ್ಕಸ್ (ಓಕ್) ಗಂಡಸರ ಹಾಗೆ ‘ಅಸ್’ ಅಂತ ಮುಗಿದರೂ ಸ್ತ್ರೀಲಿಂಗವೇ, ಅದಕ್ಕೇ ‘ರಿಲಿಜಿಯೋಸಾ’. ಹಲಸಿನ ‘ಕಾರ್ಪಸ್’ ಗ್ರೀಕಿನ ‘ಹಣ್ಣು’, ಅದು ಪುಲ್ಲಿಂಗ.

ತೋಟದಹುಳು:
ಅಯ್ಯೋ, ಹಾಗಾದರೆ ನೆಲ್ಲಿ? ಬೆಟ್ಟದ ನೆಲ್ಲಿ ‘ಫಿಲ್ಯಾಂಥಸ್ ಎಂಬ್ಲಿಕಾ’, ನೆಲನೆಲ್ಲಿ ‘ಫಿಲ್ಯಾಂಥಸ್ ಅಮಾರಸ್’. ಒಂದೇ ಮನೆ, ಎರಡು ಲಿಂಗವಾ?

ಎಲೆಗಳ್ಳ:
ಒಳ್ಳೆ ಕಡೆ ಕೈ ಇಟ್ಟಿರಿ. ಫಿಲ್ಯಾಂಥಸ್ ಪುಲ್ಲಿಂಗ. ‘ಅಮಾರಸ್’ ಅಂದರೆ ಕಹಿ, ವಿಶೇಷಣ, ಅದಕ್ಕೇ ಹೊಂದಿಕೊಂಡಿತು. ‘ಎಂಬ್ಲಿಕಾ’ ವಿಶೇಷಣವಲ್ಲ, ನೆಲ್ಲಿಯದೇ ಹಳೆ ಹೆಸರು. ನಾಮಪದ ಯಾರಿಗೂ ಬಗ್ಗುವುದಿಲ್ಲ. ಅಡಿಕೆಯ ‘ಅರೆಕಾ ಕಟೆಚು’ ಕೂಡ ಹೀಗೇ.

ತೋಟದಹುಳು:
ಸರಿ, ನಾಳೆ ಪೇಂಟರ್ ಬಂದಾಗ ‘ಸಸ್’ ಒರೆಸಿ ‘ಸಾ’ ಬರೆಸುತ್ತೇನೆ. ಮಾವು, ಬೇವು ಎರಡಕ್ಕೂ ‘ಇಂಡಿಕಾ’ ಇದೆ, ಅದು ಸರಿ ಅಲ್ವಾ?

ಎಲೆಗಳ್ಳ:
ಸರಿ. ಹುಣಸೆಗೂ ಇಂಡಿಕಾನೇ. ಟಮರಿಂಡಸ್ ನೋಡಿ ಸುಮ್ನೆ ‘ಇಂಡಿಕಸ್’ ಮಾಡಿಬಿಡಬೇಡಿ ಮತ್ತೆ!