ಎಡ್ಜ್‌ಫೀಲ್ಡ್: ಹೋಟೆಲಾಗುವ ಮೊದಲಿನ ಪೂರ್ ಫಾರ್ಮ್

ಪ್ರಶ್ನೆ:
ಅಮೆರಿಕದ ಆರಿಗನ್ ರಾಜ್ಯದ ಟ್ರೌಟ್‌ಡೇಲ್‌ನಲ್ಲಿರುವ ಎಡ್ಜ್‌ಫೀಲ್ಡ್ ಹೋಟೆಲು ಹಿಂದೆ ಮಲ್ಟ್ನೋಮಾ ಕೌಂಟಿಯ ಪೂರ್ ಫಾರ್ಮ್ ಆಗಿತ್ತಂತೆ. ನಿರ್ಗತಿಕರನ್ನು ಹೊಲದಲ್ಲಿರಿಸಿ ದುಡಿಸುವ ಈ ವ್ಯವಸ್ಥೆ ಸೆರೆಮನೆಗೆ ಹತ್ತಿರವಾಗಿತ್ತೇ, ಅನಾಥಾಲಯಕ್ಕೆ ಹತ್ತಿರವಾಗಿತ್ತೇ? ಅದು ನಿಂತುಹೋದದ್ದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಸೆರೆಮನೆಯಂತೂ ಅಲ್ಲ, ಒಳಗಿದ್ದವರಿಗೆ ಯಾರೂ ಶಿಕ್ಷೆ ವಿಧಿಸಿರಲಿಲ್ಲ. ಆದರೆ ಅಲ್ಲಿ ಸೇರುವುದನ್ನು ಜನ ಅವಮಾನವೆಂದೇ ಭಾವಿಸುತ್ತಿದ್ದರು, ಮತ್ತು ಆಡಳಿತಕ್ಕೆ ಬೇಕಾದದ್ದೂ ಸ್ವಲ್ಪಮಟ್ಟಿಗೆ ಅದೇ. ಬಡವರ ಪಾಲನೆ ಆಯಾ ಊರಿನ ಹೊಣೆ ಎಂಬ 1601ರ ಇಂಗ್ಲೆಂಡಿನ ಕಾನೂನಿನ ತತ್ವ ವಲಸಿಗರೊಡನೆ ಅಮೆರಿಕಕ್ಕೆ ಬಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೌಂಟಿಗಳು ಜಮೀನು ಕೊಂಡು, ನಿವಾಸಿಗಳ ದುಡಿಮೆಯಿಂದಲೇ ಅವರ ಊಟದ ಖರ್ಚು ಹುಟ್ಟಲಿ, ಕಷ್ಟದ ಬದುಕಿಗೆ ಹೆದರಿ ಸೋಮಾರಿಗಳು ದೂರವಿರಲಿ ಎಂದು ಲೆಕ್ಕ ಹಾಕಿದವು. ಮಲ್ಟ್ನೋಮಾ ಕೌಂಟಿಯ ಮೊದಲ ಫಾರ್ಮ್ ಪೋರ್ಟ್‌ಲ್ಯಾಂಡಿನ ಪಶ್ಚಿಮದ ಗುಡ್ಡಗಳಲ್ಲಿತ್ತು. 1911ರಲ್ಲಿ ಅದು ಟ್ರೌಟ್‌ಡೇಲ್‌ಗೆ ಬಂದಿತು. ಮೈಯಲ್ಲಿ ಶಕ್ತಿಯಿದ್ದವರು ಹಂದಿ, ಕೋಳಿ, ಹಸುಗಳನ್ನು ನೋಡಿಕೊಂಡರು, ತರಕಾರಿ ಬೆಳೆದರು, ಅಡುಗೆಮನೆಯಲ್ಲೂ ಬಟ್ಟೆ ಒಗೆಯುವ ಮನೆಯಲ್ಲೂ ದುಡಿದರು. ಮುದುಕರೂ ರೋಗಿಗಳೂ ಬಹಳವಿದ್ದ ಕಡೆ ಈ ಲೆಕ್ಕಾಚಾರ ಎಷ್ಟು ಫಲಿಸೀತು ಎಂಬುದು ಬೇರೆ ಮಾತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ನಿವಾಸಿಗಳ ಸಂಖ್ಯೆ 600 ದಾಟಿತ್ತು.

ಉತ್ತರ 2:
ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಇಂಥ ಫಾರ್ಮ್‌ಗಳನ್ನು ಖಾಲಿ ಮಾಡಿಸಿದ್ದು ಮುಖ್ಯವಾಗಿ 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಒಂದು ಷರತ್ತು. ವೃದ್ಧರ ನೆರವಿಗೆ ರಾಜ್ಯಗಳು ಕೊಡುವ ಹಣದಲ್ಲಿ ಕೇಂದ್ರವೂ ಪಾಲು ಭರಿಸುತ್ತಿತ್ತು, ಆದರೆ ಸರ್ಕಾರಿ ಸಂಸ್ಥೆಯೊಳಗೆ ವಾಸಿಸುವವರ ಪಾಲಿಗೆ ಆ ಹಣ ಇರಲಿಲ್ಲ. ಹೀಗಾಗಿ ಪೂರ್ ಫಾರ್ಮ್‌ನಲ್ಲಿ ಉಳಿದ ಮುದುಕನಿಗೆ ದೊರೆಯದ ನೆರವು, ಅವನು ಹೊರಬಂದು ಖಾಸಗಿ ವಸತಿಗೃಹದಲ್ಲಿ ಕೋಣೆ ಹಿಡಿದರೆ ದೊರೆಯುತ್ತಿತ್ತು. ನಡೆಯಬಲ್ಲವರು ಹೊರಟರು, ಹಾಸಿಗೆ ಹಿಡಿದವರು ಉಳಿದರು. ಬಡತನ ನೀಗಿದ್ದರಿಂದ ಫಾರ್ಮ್ ಮುಚ್ಚಿತೆಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಎಡ್ಜ್‌ಫೀಲ್ಡ್ ಕ್ರಮೇಣ ಶುಶ್ರೂಷಾಲಯವಾಗಿ ಮಾರ್ಪಟ್ಟು, 1982ರಲ್ಲಿ ಅದೂ ಮುಚ್ಚಿತು.

ಉತ್ತರ 3:
ಆಮೇಲೆ ಕಟ್ಟಡ ಪಾಳುಬಿದ್ದು ಕೆಡವುವ ಮಾತು ಬಂದಾಗ, ಟ್ರೌಟ್‌ಡೇಲ್‌ನ ಇತಿಹಾಸ ಸಂಘದವರು ಅದನ್ನು ಉಳಿಸಲು ಹೋರಾಡಿದರು. 1990ರಲ್ಲಿ ಮ್ಯಾಕ್‌ಮೆನಮಿನ್ಸ್ ಸಂಸ್ಥೆ ಅದನ್ನು ಕೊಂಡು ಹೋಟೆಲು ಮಾಡಿತು. ಹಳೆಯ ವಿದ್ಯುತ್ ಮನೆಯಲ್ಲೀಗ ಪಬ್ಬೂ ಚಿತ್ರಮಂದಿರವೂ ಇವೆ. ನಿವಾಸಿಗಳ ಕುರಿತು ತಿಳಿಯಬಯಸುವವರು ಹೋಟೆಲಿನ ಗೋಡೆಚಿತ್ರಗಳಿಗಷ್ಟೇ ತೃಪ್ತರಾಗದೆ, 1920 ಮತ್ತು 1930ರ ಜನಗಣತಿಯ ಹಾಳೆಗಳನ್ನು ನೋಡುವುದು ಒಳ್ಳೆಯದು. ಅಲ್ಲಿ ಒಬ್ಬೊಬ್ಬರ ಹೆಸರು, ವಯಸ್ಸು, ಹುಟ್ಟಿದ ನಾಡು ಸಾಲಾಗಿ ದಾಖಲಾಗಿರುತ್ತವೆ.